ಬಿಡಾಡಿ ದನಕ್ಕೆ ಒಡೆಯನಿಲ್ಲವೇ?

ರಸ್ತೆಯ ನಡುವೆ ಮಲಗಿದ ದನ, ಪಕ್ಕದವರ ಗದ್ದೆಗೆ ನುಗ್ಗಿದ ಎಮ್ಮೆ, ಸಂತೆಯಲ್ಲಿ ಪ್ಲಾಸ್ಟಿಕ್ ತಿನ್ನುವ ಹೋರಿ - ಇವನ್ನೆಲ್ಲ ನಾವು 'ಬಿಡಾಡಿ' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುತ್ತೇವೆ. ಈ ಪದದೊಳಗೆ ಮಾಲಿಕ ಕಾಣಿಸುವುದೇ ಇಲ್ಲ. ಹಾಲು ಕರೆಯುವಾಗ ದನ ತನ್ನದು; ಬೈಕ್ ಸವಾರ ಅದಕ್ಕೆ ಡಿಕ್ಕಿ ಹೊಡೆದು ಬಿದ್ದಾಗ ಅದು ಯಾರದೂ ಅಲ್ಲ!

ಕಾನೂನು ಹಾಗೆ ಹೇಳುವುದಿಲ್ಲ. ಹಗ್ಗ ಬಿಚ್ಚಿದ ಮಾತ್ರಕ್ಕೆ ಒಡೆತನವೂ ಹೋಗುವುದಿಲ್ಲ, ಹೊಣೆಯೂ ಹೋಗುವುದಿಲ್ಲ. ಬೆಳೆ ಹಾಳು ಮಾಡುವ ಜಾನುವಾರನ್ನು ಹಿಡಿದು 24 ಗಂಟೆಯೊಳಗೆ ದೊಡ್ಡಿಗೆ ಒಪ್ಪಿಸುವ ಅಧಿಕಾರವನ್ನು 1871ರ ಜಾನುವಾರು ಅತಿಕ್ರಮಣ ಕಾಯ್ದೆಯೇ ರೈತನಿಗೆ ಕೊಟ್ಟಿತ್ತು. ಮಾಲಿಕ ದಂಡವನ್ನೂ ಮೇವಿನ ಖರ್ಚನ್ನೂ ತೆತ್ತು ಬಿಡಿಸಿಕೊಳ್ಳಬೇಕು, ಬಾರದಿದ್ದರೆ ಹರಾಜು. ಕರ್ನಾಟಕ 1966ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿತು. ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಈ ನ್ಯಾಯ ಬ್ರಿಟಿಷರು ಕಲಿಸಿದ್ದೇನೂ ಅಲ್ಲ. ರಾತ್ರಿ ಹೊಲಕ್ಕೆ ನುಗ್ಗಿದ ಕುರಿಗಳ ಬಗ್ಗೆ ಪ್ರವಾದಿಗಳಾದ ದಾವೂದ್ ಮತ್ತು ಸುಲೈಮಾನ್ ತೀರ್ಪು ನೀಡಿದ ಪ್ರಸ್ತಾಪ ಕುರ್‌ಆನಿನ ಅಂಬಿಯಾ ಅಧ್ಯಾಯದಲ್ಲಿದೆ. ಹೊಲ ಮೊದಲಿನಂತಾಗುವವರೆಗೆ ಕುರಿಯ ಮಾಲಿಕ ಅದನ್ನು ದುಡಿಯಲಿ, ಅಲ್ಲಿಯವರೆಗೆ ಕುರಿಗಳ ಹಾಲು, ಉಣ್ಣೆ ಹೊಲದವನಿಗಿರಲಿ ಎಂದು ಸುಲೈಮಾನ್ ತೀರ್ಪಿತ್ತರೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ರೈತನ ನಷ್ಟ ತುಂಬಬೇಕು, ಕುರಿಯವನೂ ಬೀದಿಗೆ ಬೀಳಬಾರದು. ನ್ಯಾಯವೆಂದರೆ ಇದಲ್ಲವೇ?

ಇಂದಿನ ನಮ್ಮ ವ್ಯವಸ್ಥೆಯನ್ನು ಈ ಅಳತೆಗೋಲಿನಿಂದ ಅಳೆದು ನೋಡೋಣ. ಎಷ್ಟೋ ಊರುಗಳಲ್ಲಿ ದೊಡ್ಡಿಗಳು, ಉತ್ತರ ಕರ್ನಾಟಕದವರು ಹೇಳುವ ಕೊಂಡವಾಡಗಳು, ಪಾಳು ಬಿದ್ದಿವೆ. 1964ರ ಕಾಯ್ದೆಯಲ್ಲಿ 12 ವರ್ಷ ಮೀರಿದ ಎತ್ತನ್ನು ಪ್ರಮಾಣಪತ್ರ ಪಡೆದು ವಧೆಗೆ ಕೊಡಲು ದಾರಿಯಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ ಆ ದಾರಿಯನ್ನು ಮುಚ್ಚಿತು. ದುಡಿಯಲಾರದ ಎತ್ತಿಗೆ ಮೇವು ಹಾಕುವ ಶಕ್ತಿ ಬಡ ರೈತನಿಗೆಲ್ಲಿದೆ? ಮಾರುವಂತಿಲ್ಲ, ಸಾಕಲಾಗುವುದಿಲ್ಲ, ಉಳಿದದ್ದು ಹಗ್ಗ ಬಿಚ್ಚುವುದೊಂದೇ. 2019ರ ಜಾನುವಾರು ಗಣತಿಯಲ್ಲೇ ದೇಶದ ಬೀದಿ ದನಗಳು ಸುಮಾರು 50 ಲಕ್ಷ. 2025ರ ನವೆಂಬರ್‌ನಲ್ಲಿ ಹೆದ್ದಾರಿಗಳಿಂದ ಅವನ್ನು ತೆರವುಗೊಳಿಸಿ ಆಶ್ರಯತಾಣಗಳಿಗೆ ಸೇರಿಸುವಂತೆ ಸ್ವತಃ ಸುಪ್ರೀಂ ಕೋರ್ಟ್ ಆದೇಶಿಸಬೇಕಾಯಿತು.

ಬೀದಿಯಲ್ಲಿ ಹಸಿದು ಅಲೆಯುವಾಗ ಕಾಣದ ದನ, ವಾಹನ ಏರಿದ ಕೂಡಲೇ ಕೆಲವರಿಗೆ ಕಾಣಿಸುತ್ತದೆ. ದಾರಿಯಲ್ಲಿ ವಾಹನ ತಡೆದು ಥಳಿಸುವ ಅಧಿಕಾರವನ್ನು ಯಾವ ಕಾಯ್ದೆಯೂ ಯಾರಿಗೂ ಕೊಟ್ಟಿಲ್ಲ. ಅಂತೆಯೇ, ಬೀದಿಯಲ್ಲಿ ಕಂಡ ದನ ಸಿಕ್ಕವರ ಸೊತ್ತೂ ಅಲ್ಲ. ಅದನ್ನು ಕದ್ದೊಯ್ಯುವವನು ಯಾವ ಧರ್ಮದವನಾದರೂ ಕಳ್ಳನೇ. ಬೆಳೆಗೆ ವಿಷವಿಟ್ಟು ಕೊಲ್ಲುವುದೂ ಅಪರಾಧವೇ.

ನಾವು ಕೇಳುವುದು ಇಷ್ಟೇ: ದೊಡ್ಡಿಗಳ ಬಾಗಿಲು ತೆರೆಯಲಿ. ಕಿವಿಯೋಲೆಯ ಸಂಖ್ಯೆ ನೋಡಿ ಮಾಲಿಕನನ್ನು ಹುಡುಕಿ ಹೊಣೆ ಹೊರಿಸಲಿ. ಮುದಿ ಎತ್ತಿನ ಮಾರಾಟಕ್ಕೆ ಅಡ್ಡ ನಿಂತ ಸರಕಾರವೇ ಅದರ ಮೇವಿನ ಖರ್ಚನ್ನೂ ಹೊರಲಿ. ಗೋವಿನ ಮೇಲಿನ ಪ್ರೀತಿ ಸರಕಾರದ್ದು, ಅದರ ಖರ್ಚು ರೈತನದ್ದು, ಪೆಟ್ಟು ದಾರಿಹೋಕನದ್ದು ಎಂಬುದು ಯಾವ ನ್ಯಾಯ?