ಚಿನ್ನ ಹುಡುಕುವ ಯಂತ್ರಕ್ಕೆ ಬೇರೆ ಕೆಲಸ ಕೊಡಿ

ಬಾದಾಮಿ, ಐಹೊಳೆಯ ಆಸುಪಾಸಿನಲ್ಲಿ ಹಾಳುಗುಡಿಯೊಂದರೊಳಗೆ ರಾತ್ರೋರಾತ್ರಿ ಹೊಂಡ ಬಿದ್ದರೆ ಊರವರಿಗೆ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ನಿಧಿಗಳ್ಳರು ಬಂದು ಹೋಗಿರುತ್ತಾರೆ. ಲಿಂಗ ಕಿತ್ತಿರುತ್ತಾರೆ, ನಂದಿಯನ್ನು ಉರುಳಿಸಿರುತ್ತಾರೆ, ಪಕ್ಕದಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣು ಬಿದ್ದಿರುತ್ತದೆ. ಹಿಂದೆ ಅಂಜನ ಹಾಕಿಸಿ ಜಾಗ ಕೇಳುತ್ತಿದ್ದವರು ಈಗ ಮೆಟಲ್ ಡಿಟೆಕ್ಟರನ್ನೂ ಹಿಡಿದು ಬರುತ್ತಾರೆ. ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದರೆ ಮನೆ ಬಾಗಿಲಿಗೇ ಬರುವ ಯಂತ್ರ ಅದು.

ಹೀಗಾಗಿ ಈ ಸೀಮೆಯಲ್ಲಿ ಆ ಯಂತ್ರದ ಹೆಸರು ಕೆಟ್ಟಿದೆ. ಆದರೆ ಅದೇ ಯಂತ್ರ, ಅದರಲ್ಲೂ ಐದಾರು ಇಂಚಿನ ಚಿಕ್ಕ ಕಾಯಿಲ್ ಕೂಡಿಸಿದ್ದು, ಬಾಗಲಕೋಟೆ ಜಿಲ್ಲೆಯ ಇತಿಹಾಸಕ್ಕೆ ದೊಡ್ಡ ಉಪಕಾರ ಮಾಡಬಲ್ಲದು. ಕಳ್ಳರ ಕೈಯಿಂದ ಅದನ್ನು ಕಸಿದರಷ್ಟೇ ಸಾಲದು, ಪುರಾತತ್ವ ಇಲಾಖೆ ಅದನ್ನು ತನ್ನ ಕೈಗೆ ತೆಗೆದುಕೊಳ್ಳಬೇಕು.

ಚಿಕ್ಕ ಕಾಯಿಲ್ ಯಾಕೆ? ಸಾಮಾನ್ಯ ಡಿಟೆಕ್ಟರಿನ ತಳದಲ್ಲಿರುವ ಕಾಯಿಲ್ ಹತ್ತು ಹನ್ನೊಂದು ಇಂಚು ಅಗಲ. ಅದರಿಂದ ಇಳಿಯುವ ಕಾಂತಕ್ಷೇತ್ರಕ್ಕೆ ನೆಲದೊಳಗಿನ ಲೋಹ ಸಿಕ್ಕರೆ ಆ ಲೋಹದಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ, ಯಂತ್ರ ಅದನ್ನು ಗುರುತಿಸಿ ಸದ್ದು ಮಾಡುತ್ತದೆ. ಬರಿ ಹೊಲದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಜನ ನೂರಾರು ವರ್ಷ ಬಾಳಿದ ಊರಿನ ಕಥೆ ಬೇರೆ. ಅಲ್ಲಿ ಒಂದು ಗೋಡೆಯ ಬುಡದಲ್ಲೇ ತುಕ್ಕು ಹಿಡಿದ ಮೊಳೆ, ಎತ್ತಿನ ಲಾಳ, ತಗಡಿನ ಚೂರು, ಸೋಡಾ ಬಾಟಲಿಯ ಮುಚ್ಚಳ ಎಲ್ಲವೂ ಒತ್ತೊತ್ತಾಗಿ ಬಿದ್ದಿರುತ್ತವೆ. ದೊಡ್ಡ ಕಾಯಿಲ್ ಅವೆಲ್ಲವನ್ನೂ ಒಟ್ಟಿಗೇ ಕಾಣುತ್ತದೆ, ಮೊಳೆಯ ಸದ್ದು ಪಕ್ಕದ ನಾಣ್ಯದ ಸದ್ದನ್ನು ನುಂಗಿಬಿಡುತ್ತದೆ. ಚಿಕ್ಕ ಕಾಯಿಲ್ ಜೋಳ ಹಸನು ಮಾಡುವ ಕೈಯಂತೆ ಒಂದೊಂದನ್ನೇ ಬೇರ್ಪಡಿಸುತ್ತದೆ.

ಇನ್ನೊಂದು ಅನುಕೂಲವೂ ಇದೆ. ಹುನಗುಂದ ಭಾಗದ ನೆಲದಲ್ಲಿ ಕಬ್ಬಿಣದ ಅದಿರಿನ ಪದರಗಳೇ ಇವೆ. ಇಂಥ ಕಡೆ ಮಣ್ಣೇ ಯಂತ್ರವನ್ನು ಗೊಂದಲಕ್ಕೆ ಕೆಡವುತ್ತದೆ. ಚಿಕ್ಕ ಕಾಯಿಲ್ ಒಮ್ಮೆಗೆ ಕಾಣುವ ಮಣ್ಣು ಕಡಿಮೆ, ಹಾಗಾಗಿ ಅದರ ಗದ್ದಲವೂ ಕಡಿಮೆ. ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳ ಸುತ್ತ ತಂತಿ, ಉಳಿ, ಯಂತ್ರದ ಬಿಡಿಭಾಗ ಚೆಲ್ಲಾಡಿದ ಕಡೆಯೂ ಇಂಥದ್ದೇ ಬೇಕು. ಕೊರತೆಯೂ ಇಲ್ಲದಿಲ್ಲ. ಅದು ಹೆಚ್ಚು ಆಳಕ್ಕೆ ಇಳಿಯದು, ಒಂದು ಅಂಗಳ ಮುಗಿಸಲು ಹೊತ್ತು ಹಿಡಿಯುತ್ತದೆ. ಅವಸರದ ಕಳ್ಳನಿಗೆ ಇದು ತೊಡಕು. ಅಳತೆ ಹಗ್ಗ ಹಿಡಿದು ಹಗಲಲ್ಲಿ ಕೆಲಸ ಮಾಡುವವರಿಗೆ ಅಲ್ಲ.

ನಿಧಿ ಹುಡುಕುವವರು ಯಂತ್ರವನ್ನು ಕಬ್ಬಿಣಕ್ಕೆ ಕಿವುಡಾಗುವಂತೆ ಹೊಂದಿಸಿಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಕಬ್ಬಿಣ ಕಸ. ಆದರೆ ಐಹೊಳೆ, ಬಾದಾಮಿ, ಪಟ್ಟದಕಲ್ಲಿನ ಕಲ್ಲು ಒಡೆದದ್ದು ಕಬ್ಬಿಣದ ಉಳಿಯೇ ಹೊರತು ಚಿನ್ನವಲ್ಲ. ಪಟ್ಟದಕಲ್ಲಿನ ಹತ್ತಿರದ ಹಳೆಯ ಕಲ್ಲುಗಣಿಯ ಬಂಡೆಗಳ ಮೇಲೆ ಅಲ್ಲಿ ದುಡಿದವರ ಹೆಸರುಗಳಿವೆ. ಅಂಥ ಗಣಿಯ ಚಕ್ಕೆಗಳ ನಡುವೆ ಮುರಿದ ಉಳಿಯ ಮೊನೆಯೊಂದು ಇದ್ದ ಜಾಗದಲ್ಲೇ ಸಿಕ್ಕರೆ ಚಾಲುಕ್ಯರ ಕಾಲದ ಕಮ್ಮಾರರ ಬಗ್ಗೆ, ಕಲ್ಲುಕುಟಿಗರ ಕೆಲಸದ ಬಗ್ಗೆ ಅದು ಹೇಳುವಷ್ಟನ್ನು ಒಂದು ಕೊಡ ಹೊನ್ನೂ ಹೇಳಲಾರದು.

‘ಇದ್ದ ಜಾಗದಲ್ಲೇ’ ಎನ್ನುವುದು ಇಲ್ಲಿ ಮುಖ್ಯ. 1947ರಲ್ಲಿ ಮಾರ್ಟಿಮರ್ ವೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ಮಾಡಿದಾಗ ರೋಮಿನ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತು. ಆ ನಾಣ್ಯದ ನೆರವಿನಿಂದ ಅದೇ ಪದರದ ಮಡಕೆ ಚೂರುಗಳಿಗೆ, ಅವುಗಳಿಂದ ಇಡೀ ನೆಲೆಗೆ ಕಾಲ ಗೊತ್ತು ಮಾಡುವುದು ಸಾಧ್ಯವಾಯಿತು. ಅದೇ ನಾಣ್ಯವನ್ನು ಯಾರೋ ರಾತ್ರಿ ಅಗೆದು ಸಂತೆಯಲ್ಲಿ ಮಾರಿದ್ದರೆ ಅದು ನಾಲ್ಕು ಗ್ರಾಂ ಬೆಳ್ಳಿಯಾಗುತ್ತಿತ್ತು, ಅಷ್ಟೇ.

ಕಸದ ನಡುವಿನ ಲೋಹದ ಚೂರುಗಳೇ ಇತಿಹಾಸ ತಿದ್ದಿದ ಉದಾಹರಣೆ ಅಮೆರಿಕದಲ್ಲಿದೆ. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್‌ನಲ್ಲಿ 1876ರಲ್ಲಿ ಸೇನಾಧಿಕಾರಿ ಕಸ್ಟರ್‌ನ ಸೈನಿಕರಿಗೂ ಮೂಲನಿವಾಸಿಗಳಿಗೂ ಕಾಳಗ ನಡೆದಿತ್ತು. 1983ರಲ್ಲಿ ಅಲ್ಲಿನ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮರುವರ್ಷ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಎಂಬ ಪುರಾತತ್ವಜ್ಞರು ಡಿಟೆಕ್ಟರ್ ಹಿಡಿದ ಸ್ವಯಂಸೇವಕರನ್ನು ಸಾಲಾಗಿ ನಡೆಸಿದರು. ಸದ್ದು ಬಂದಲ್ಲೆಲ್ಲ ಬಾವುಟ ನೆಟ್ಟು, ನಕ್ಷೆಯಲ್ಲಿ ಗುರುತಿಸಿ, ಆಮೇಲಷ್ಟೇ ಅಗೆದರು. ಸಿಕ್ಕ ತೋಟಾಗಳ ಮೇಲಿನ ಗುರುತುಗಳಿಂದ ಒಂದೊಂದು ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದನ್ನು ಕಂಡುಕೊಂಡರು.

ಬಾಗಲಕೋಟೆ ಜಿಲ್ಲೆಗೂ ಇಂಥದ್ದೊಂದು ರಣಭೂಮಿ ಇದೆ: ಮುಧೋಳ ತಾಲ್ಲೂಕಿನ ಹಲಗಲಿ. ಆಯುಧ ಒಪ್ಪಿಸಬೇಕೆಂಬ ಕಂಪನಿ ಸರ್ಕಾರದ ಕಾಯಿದೆಯನ್ನು ಧಿಕ್ಕರಿಸಿದ ಬೇಡರ ಮೇಲೆ 1857ರ ನವೆಂಬರ್ ಕೊನೆಯಲ್ಲಿ ದಂಡು ಬಿತ್ತು, ಊರಿಗೆ ಬೆಂಕಿ ಇಟ್ಟರು, ಡಿಸೆಂಬರ್‌ನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಆ ಕಥೆ ಉಳಿದಿರುವುದು ಬ್ರಿಟಿಷರ ಕಾಗದಪತ್ರಗಳಲ್ಲಿ ಮತ್ತು ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಲಾವಣಿಯಲ್ಲಿ. ನೆಲವನ್ನು ಕೇಳುವ ಕೆಲಸ ಬಾಕಿ ಇದೆ. ಯಾವ ದಿಕ್ಕಿನಿಂದ ಗುಂಡು ಬಂತು, ಯಾವ ಓಣಿಯಿಂದ ಬೇಡರು ತಿರುಗಿ ಹೊಡೆದರು ಎಂಬುದಕ್ಕೆ ಸೀಸದ ಗುಂಡುಗಳು ಸಾಕ್ಷಿ ಹೇಳಬಲ್ಲವು. ಹಲಗಲಿ ಈಗಲೂ ಜನ ತುಂಬಿದ ಊರು. ಅಲ್ಲಿ ಸೀಸದ ಗುಂಡಿಗೂ ಅಲ್ಯೂಮಿನಿಯಂ ಚೂರಿಗೂ ಯಂತ್ರ ಹೆಚ್ಚುಕಡಿಮೆ ಒಂದೇ ದನಿ ಕೊಡಬಹುದು. ಸದ್ದು ಕೇಳಿದ ಪ್ರತಿಯೊಂದನ್ನೂ ನೋಡಲೇಬೇಕಾದ ಇಂಥ ಜಾಗಕ್ಕೆ ಚಿಕ್ಕ ಕಾಯಿಲ್, ದೊಡ್ಡ ತಾಳ್ಮೆ ಎರಡೂ ಬೇಕು.

‘ಇಲಾಖೆಯೇ ಯಂತ್ರ ಹಿಡಿದರೆ ಕಳ್ಳರಿಗೆ ದಾರಿ ತೋರಿದಂತಾಗದೇ?’ ಎಂದು ಕೆಲವರು ಕೇಳಬಹುದು. ಕಳ್ಳರು ಯಾರ ದಾರಿಯನ್ನೂ ಕಾಯುತ್ತಿಲ್ಲ. ಕಾನೂನಿಗೂ ಬರವಿಲ್ಲ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 1958ರ ಕೇಂದ್ರ ಕಾಯಿದೆ, 2010ರ ತಿದ್ದುಪಡಿಯಂತೆ, ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಸಿಕ್ಕ ನಿಧಿಯ ವಿಚಾರಕ್ಕೆ ರಾಜ್ಯದ್ದೇ 1962ರ ಕಾಯಿದೆ ಇದೆ. ಆದರೆ ಇವು ಕೆಲಸಕ್ಕೆ ಬರುವುದು ಹೊಂಡ ಬಿದ್ದ ಮೇಲೆ. ಇಂಗ್ಲೆಂಡಿನ 1979ರ ಕಾಯಿದೆಯಲ್ಲಿ ಸಂರಕ್ಷಿತ ಜಾಗದಲ್ಲಿ ಲಿಖಿತ ಅನುಮತಿ ಇಲ್ಲದೆ ಡಿಟೆಕ್ಟರ್ ಬಳಸುವುದೇ ಅಪರಾಧ, ಗುದ್ದಲಿ ಎತ್ತಬೇಕಾಗಿಯೇ ಇಲ್ಲ. ಕರ್ನಾಟಕಕ್ಕೂ ಅಷ್ಟೇ ಖಚಿತವಾದ ನಿಯಮ ಬೇಕು. ಖಾಸಗಿ ಹವ್ಯಾಸವಾಗಿ ಡಿಟೆಕ್ಟರ್ ಆಡಿಸಲು ಇಂಗ್ಲೆಂಡಿನ ಹೊಲಗಳಲ್ಲಿ ಅವಕಾಶವಿದೆ. ಕಾವಲಿಲ್ಲದ ಗುಡಿಗಳು ಊರೂರಿಗೆ ಇರುವ ಈ ಜಿಲ್ಲೆಯಲ್ಲಿ ಆ ಸಲಿಗೆ ಬೇಡ.

ಇಲಾಖೆಗೆ ಈ ಯಂತ್ರದ ಕೆಲಸ ಶುರು ಮಾಡಲು ಈಗಿನದಕ್ಕಿಂತ ಒಳ್ಳೆಯ ಸಮಯ ಸಿಗದು. ಕೃಷ್ಣೆಯ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಬಾಗಲಕೋಟೆಯ ಹಳೆ ಊರಿನ ದೊಡ್ಡ ಭಾಗ ಹೋಯಿತು, ಜನ ನವನಗರಕ್ಕೆ ಬಂದರು. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪಕ್ಕೆ ನೀರು ನುಗ್ಗದಂತೆ ಸುತ್ತ ಬಾವಿಯಂಥ ಗೋಡೆ ಎಬ್ಬಿಸಿ ಉಳಿಸಿಕೊಳ್ಳಲಾಯಿತು. ಹೆಸರಿದ್ದ ಗುಡಿಗೆ ಆ ಕಾಳಜಿ ಸಿಕ್ಕಿತು, ಹೆಸರಿಲ್ಲದ ಹಾಳುದಿಬ್ಬಕ್ಕೆ ಯಾರು ದಿಕ್ಕು? ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಯೋಜನೆ ಈಗ ಮುಂದಿದೆ. ಏರಿದರೆ ಇನ್ನಷ್ಟು ಹಳ್ಳಿಗಳು ನೀರಿಗೆ ಹೋಗುತ್ತವೆ.

ಮುಳುಗಡೆ ಹಳ್ಳಿಗಳಲ್ಲಿ ಗೋಡೆ, ಬಾಗಿಲು, ತೊಲೆ, ಗಿಡಮರಗಳನ್ನು ಎಣಿಸಿ ಪರಿಹಾರ ನಿಗದಿ ಮಾಡಲು ಜಂಟಿ ಅಳತೆಯ ತಂಡಗಳು ಹೋಗುತ್ತವೆ. ಅದೇ ತಂಡದ ಜೊತೆ ಒಬ್ಬ ಪುರಾತತ್ವಜ್ಞ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ವ ವಿಭಾಗದ ನಾಲ್ಕು ವಿದ್ಯಾರ್ಥಿಗಳು, ಚಿಕ್ಕ ಕಾಯಿಲಿನ ಎರಡು ಡಿಟೆಕ್ಟರ್ ಹೋಗಲಿ. ಅಗೆಯುವ ಮಾತು ಬಂದಾಗ ಕೇಂದ್ರದ ಅನುಮತಿ ಪಡೆಯಲಿ. ಸಿಕ್ಕ ಮೊಳೆ, ಲಾಳ, ಗುಂಡು, ಕಾಸು ಎಲ್ಲವೂ ನಕ್ಷೆಗೆ ಏರಲಿ. ಆ ನಕ್ಷೆಯ ಒಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ, ಇನ್ನೊಂದು ಆ ಊರು ಎದ್ದು ಹೋಗಿ ನೆಲೆಸುವ ಪುನರ್ವಸತಿ ಕೇಂದ್ರದ ಶಾಲೆಯಲ್ಲಿ ಇರಲಿ. ಪರಿಹಾರಕ್ಕೆಂದು ಸರ್ಕಾರ ತೆಗೆದಿಡಬೇಕಾದ ಮೊತ್ತದ ಮುಂದೆ ಇದರ ಖರ್ಚು ಲೆಕ್ಕಕ್ಕೇ ಬಾರದು.