ಅಲೆಮಾರಿಗಳ ಕಿಲೀಮು

ಇರಾನಿನ ಫಾರ್ಸ್ ಪ್ರಾಂತದ ಕಷ್ಕಾಯಿ ಅಲೆಮಾರಿಗಳ ಕಿಲೀಮು, ಜಮಖಾನದಂತೆ ಗಂಟುಗಳಿಲ್ಲದ ಉಣ್ಣೆಯ ಹಾಸು. ಪುರುಷರು ಕತ್ತರಿಸಿದ ಉಣ್ಣೆಯನ್ನು ಸ್ತ್ರೀಯರು ನೂತು, ಮಂಜಿಷ್ಠ, ನೀಲಿ, ದಾಳಿಂಬೆ ಸಿಪ್ಪೆಗಳಿಂದ ಬಣ್ಣವೇರಿಸಿ, ನೆಲದ ಮೇಲೆ ಹಾಸಿದ ಮಗ್ಗದಲ್ಲಿ ನೇಯುತ್ತಾರೆ. ಡೇರೆ ಕಿತ್ತು ಹೊರಟಾಗ ಮಗ್ಗವನ್ನೂ ಸುತ್ತಿ ಒಯ್ಯುತ್ತಾರೆ. ಬರೆದ ನಕ್ಷೆಯಿಲ್ಲ, ತಾಯಿಯಿಂದ ಮಗಳು ಕಲಿತದ್ದೇ ವಿನ್ಯಾಸ.

ಇದೇ ಕೈಗಳ ರತ್ನಗಂಬಳಿ ನೇಯ್ಗೆಯನ್ನು ಯುನೆಸ್ಕೋ 2010ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಉಚಿತವೇ. ಆದರೆ ಪಟ್ಟಿಯೊಂದರಿಂದಲೇ ಕಲೆ ಉಳಿಯಲಾರದು. 1930ರ ದಶಕದಲ್ಲಿ ರೆಜಾ ಷಾ ಇವರನ್ನು ಬಲವಂತವಾಗಿ ನೆಲೆಯೂರಿಸಹೊರಟಾಗ ಮಂದೆಗಳು ಅಪಾರವಾಗಿ ನಷ್ಟವಾದುವು. ಝಾಗ್ರೋಸ್ ಬೆಟ್ಟಗಳ ಬೇಸಿಗೆಯ ಹುಲ್ಲುಗಾವಲಿನ ಹಾದಿ ಮುಚ್ಚಿದರೆ ಕುರಿಯೂ ಇಲ್ಲ, ಉಣ್ಣೆಯೂ ಇಲ್ಲ. ಆದ್ದರಿಂದ ಕಿಲೀಮನ್ನು ಮೆಚ್ಚಿ ಕೊಳ್ಳುವವರು ನೇಯ್ದವಳ ಶ್ರಮಕ್ಕೆ ತಕ್ಕ ಬೆಲೆ ತೆರಬೇಕು. ಅಲ್ಲಿನ ಸರಕಾರ ಮಂದೆಯ ಹಾದಿಯನ್ನು ಕಾಯಬೇಕು.