ರೋಗಿಯ ಧೈರ್ಯಕ್ಕೆ ಮನೆಯೇ ಆಸರೆ



ಕ್ಯಾನ್ಸರ್ ಎಂಬ ಮಾತು ಕಿವಿಗೆ ಬಿದ್ದೊಡನೆ ದೇಹಕ್ಕಿಂತ ಮೊದಲು ಮನಸ್ಸು ಕುಸಿಯುತ್ತದೆ. ಈ ಹತಾಶೆಯನ್ನು ಅಳೆಯಲೆಂದೇ ಅಮೆರಿಕದ ಮನೋವೈದ್ಯ ಏರನ್ ಬೆಕ್ ಮತ್ತು ಸಂಗಡಿಗರು 1974ರಲ್ಲಿ 20 ಹೇಳಿಕೆಗಳ ಮಾಪಕವೊಂದನ್ನು ರಚಿಸಿದರು. ಹತಾಶೆ ಹಣೆಬರಹವಲ್ಲ, ಅದಕ್ಕೆ ಕಾರಣಗಳುಂಟು.

ಕೆಲವು ರೋಗಿಯಲ್ಲೇ ಇವೆ: ತಾಳಲಾರದ ನೋವು, ನಿದ್ರೆಯಿಲ್ಲದ ರಾತ್ರಿ, ಮಕ್ಕಳಿಗೆ ಹೊರೆಯಾದೆನೆಂಬ ಕೊರಗು. ಕೆಲವನ್ನು ಮನೆಯವರೇ ತಂದೊಡ್ಡುತ್ತಾರೆ. ರೋಗಿಗೆ ಬೇರೆ ತಟ್ಟೆ, ಬೇರೆ ಲೋಟ ಇಡುವವರನ್ನು ನಾವು ಕಂಡಿದ್ದೇವೆ. ಕ್ಯಾನ್ಸರ್ ಅಂಟುರೋಗವಲ್ಲ. 'ಪೂರ್ವಜನ್ಮದ ಪಾಪ' ಎಂದು ಪಿಸುಗುಡುವವರೂ ಉಂಟು. ನೊಂದವರ ತಲೆಯ ಮೇಲೆ ಪಾಪದ ಮೂಟೆ ಹೊರಿಸುವುದನ್ನು ಧರ್ಮವೆಂದು ನಾವು ಒಪ್ಪೆವು. ರೋಗಿಯ ಎದುರಿಗೇ ಹೊಲ ಮಾರುವ ಲೆಕ್ಕ ಹಾಕುವುದು, ನೋಡಲು ಬಂದವರು ಸತ್ತವರ ಕಥೆ ಹೇಳುವುದು, ರೋಗಿಯನ್ನೊಂದು ಮಾತೂ ಕೇಳದೆ ಎಲ್ಲವನ್ನೂ ತೀರ್ಮಾನಿಸುವುದು, ಇವೂ ಮನಸ್ಸನ್ನು ಮುರಿಯುತ್ತವೆ.

ಆದುದರಿಂದ ಮನೆಯ ಹಿರಿಯರೇ ಮುಂದಾಗಬೇಕು. ಪಕ್ಕದಲ್ಲಿ ಕುಳಿತು ಅವರ ಮಾತು ಕೇಳಿರಿ. ಕೈಲಾಗುವ ಕಾಯಕವನ್ನು ಅವರಿಂದ ಕಸಿಯಬೇಡಿರಿ. ಅನ್ನ ಬಿಟ್ಟು, ಸಾವಿನ ಮಾತನ್ನೇ ಆಡುತ್ತಿದ್ದರೆ ತಡಮಾಡದೆ ಮನೋವೈದ್ಯರಿಗೆ ತೋರಿಸಿರಿ. ಲಿಂಗಪೂಜೆ ನಡೆಯಲಿ, ವಿಭೂತಿ ಧರಿಸಲಿ. ಅದಕ್ಕಾಗಿ ಚಿಕಿತ್ಸೆ ನಿಲ್ಲಿಸುವುದು ಬೇಡ. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಸಂಸ್ಥೆಯಿದೆ; ಗುಣವಾಗದ ಹಂತ ತಲುಪಿದವರನ್ನು ಅಲ್ಲಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ.

ಸುಳ್ಳು ಭರವಸೆ ಬೇಡ. ರೋಗ ವಾಸಿಯಾಗದಿದ್ದರೂ ನೋವನ್ನು ತಗ್ಗಿಸಬಹುದು, ಒಂಟಿತನವನ್ನು ನೀಗಬಹುದು. 'ನಿಮ್ಮ ಜೊತೆ ನಾವಿದ್ದೇವೆ' ಎಂಬ ಮಾತನ್ನು ನಡೆಯಲ್ಲಿ ತೋರಿಸುವುದೇ ದಾಸೋಹ.